ಕಳ್ಳರಲ್ಲಿ ಉಂಗುರದವರೆಷ್ಟು?

ಬಹಳ ಬಹಳ ಹಿಂದೆ, ಗಂಟಲು ದಾಟಿ ಕೆಳಗಿಳಿದರೆ ಸಿಗುವ ಒಂದು ಕೊಳವೆಯೂರು ಇತ್ತಂತೆ. ಅಲ್ಲಿನ ಕಾವಲುಗಾರರು ಮಹಾ ಮುಂಗೋಪಿಗಳು. ಅಮಾಯಕರಿಗೆ ಏಟು ಬೀಳದಿರಲೆಂದು ರಾಜ ಊರಿನ ಒಂದಿಬ್ಬರಿಗೆ ಮುದ್ರೆಯುಂಗುರ ಕೊಟ್ಟಿದ್ದ. ಅದನ್ನು ಕಂಡರೆ ಕಾವಲುಗಾರ ಕೋಲು ಇಳಿಸಬೇಕು. ಆಮೇಲೆ ಊರೊಳಗೇ ಕಳ್ಳರು ಹುಟ್ಟಿಕೊಂಡರು. ಅವರೂ ಅದೇ ಉಂಗುರ ಮಾಡಿಸಿ ತೊಟ್ಟುಕೊಂಡರು.

ಪ್ರಯೋಗಾಲಯದ ಹುಡುಗಿ ಈ ಕಥೆಯನ್ನು ಬೆಳಗ್ಗೆ ದರ್ಜಿಯ ಮಗಳಿಗೆ ಹೇಳಿದ್ದಳು. ಅಜ್ಜಿಯ ಕಥೆ ಕೇಳುತ್ತಲೇ ಬೆಳೆದ ಹುಡುಗಿಗೆ ದರ್ಜಿಯ ಅನ್ನನಾಳದ ಕ್ಯಾನ್ಸರನ್ನು ವಿವರಿಸಲು ಬೇರೆ ದಾರಿ ತಿಳಿಯಲಿಲ್ಲ. ಕಾವಲುಗಾರರೆಂದರೆ ಮೈಯ ರೋಗನಿರೋಧಕ ಕೋಶಗಳು, ಕಳ್ಳರೆಂದರೆ ಕ್ಯಾನ್ಸರ್ ಕೋಶಗಳು, ಉಂಗುರವೆಂದರೆ ಒಂದು ಪ್ರೋಟೀನು. ಪರೀಕ್ಷೆಯ ಬಣ್ಣ ಹಾಕಿದರೆ ಕಂದಾಗಿ ಕಾಣುತ್ತದೆ. ನೂರು ಕ್ಯಾನ್ಸರ್ ಕೋಶಗಳಿಗೆ ಹತ್ತಾದರೂ ಕಂದು ಸಿಕ್ಕರೆ, ಆ ಉಂಗುರವನ್ನು ಕಾವಲುಗಾರರಿಗೆ ಕಾಣದಂತೆ ಮರೆಮಾಡುವ ಔಷಧಿ ಕೊಡಲು ಆಸ್ಪತ್ರೆ ಒಪ್ಪುತ್ತದೆ. ನೀರು ನುಂಗಲೂ ಒದ್ದಾಡುತ್ತಿದ್ದ ದರ್ಜಿಗೆ ಉಳಿದಿದ್ದದ್ದು ಅದೊಂದೇ. ಅದನ್ನು ತೀರ್ಮಾನಿಸಲು ನಾಲ್ಕಕ್ಕೆ ವೈದ್ಯರ ಸಭೆ. ಅಷ್ಟರೊಳಗೆ ವರದಿಯನ್ನು ನಿಮ್ಮ ಕೈಗೇ ಕೊಡುತ್ತೇನೆಂದು ಹುಡುಗಿ ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದಳು.

ಮಾತು ಕೊಡುವಾಗ ಪ್ರಯೋಗಾಲಯದ ಹಿರಿಯ ಡಾಕ್ಟರ ನೆನಪು ಬರಲಿಲ್ಲ. ಅವಳ ಜೊತೆ ಈ ಎಣಿಕೆ ಮಾಡುವವರು ರಜೆ ಹಾಕಿದ್ದರಿಂದ ಅಂದು ಮೊದಲ ಸಲ ಈ ಹಿರಿಯರು ಅದಕ್ಕೆ ಕೂತಿದ್ದರು. ಇಬ್ಬರು ಬೇರೆಬೇರೆ ಎಣಿಸಬೇಕು, ಇಬ್ಬರ ಲೆಕ್ಕವೂ ಹತ್ತರ ಮೇಲೋ ಕೆಳಗೋ ಒಂದೇ ಕಡೆ ಬರಬೇಕು. ಅವಳದು ಹದಿನಾಲ್ಕು, ಅವರದು ಎಂಟು. ಮತ್ತೆ ಎಣಿಸಿ ಎಂದಳು, ಎಂಟು. ಕನ್ನಡಕ ಒರೆಸಿಕೊಟ್ಟಳು, ಎಂಟೇ. ನಡುವೆ ಅವರು ಕಾಫಿ ತರಿಸಿದರು, ಕುರ್ಚಿ ಕಿರುಗುಟ್ಟುತ್ತದೆಂದು ಬದಲಾಯಿಸಿದರು, ತಮ್ಮ ಮೂವತ್ತು ವರ್ಷದ ಅನುಭವವನ್ನು ಮೂರನೆಯ ಸಲ ವರ್ಣಿಸಿದರು. ಹುಡುಗಿಗೆ ಗೋಡೆಗೆ ತಲೆ ಚಚ್ಚಿಕೊಳ್ಳೋಣವೆನ್ನಿಸಿತು. ಆ ಗೋಡೆಯ ಗಡಿಯಾರದಲ್ಲಿ ಆಗಲೇ ಮೂರೂಕಾಲು.

"ನಿಂಗೆ ದರ್ಜಿ ಮೇಲೆ ಕನಿಕರ," ಎಂದರು ಅವರು. "ಕನಿಕರ ಇಟ್ಕೊಂಡು ನೋಡಿದ್ರೆ ಎಲ್ಲಾ ಕಂದಾಗೇ ಕಾಣುತ್ತೆ, ಕಥೆಗಾರಮ್ಮ."

ಮಾತು ನಾಟಿತು, ನಿಜವೂ ಇರಬಹುದಲ್ಲ. ಅವಳು ಒಬ್ಬಳೇ ಕೂತು ಮತ್ತೆ ಎಣಿಸಿದಳು. ಹದಿನಾಲ್ಕು. ಆಮೇಲೆ ಇಬ್ಬರು ಒಟ್ಟಿಗೆ ನೋಡುವ ಸೂಕ್ಷ್ಮದರ್ಶಕಕ್ಕೆ ಗೆಡ್ಡೆಯ ಚೂರಿದ್ದ ಗಾಜು ಹಾಕಿ, ಈ ಸಲ ಬಾಯಿಬಿಟ್ಟು ಎಣಿಸಿ ಎಂದು ಎದುರು ಕೂತಳು.

ಅವರು ಗಾಜಿನ ಎಡತುದಿಯಿಂದ ಶುರು ಮಾಡಿದರು. ಅಲ್ಲಿದ್ದದ್ದು ಗೆಡ್ಡೆಯಲ್ಲ, ಅದರ ಜೊತೆ ಸೇರಿ ಬಂದಿದ್ದ ಆರೋಗ್ಯವಂತ ಪದರ. ಇಟ್ಟಿಗೆ ಪೇರಿಸಿದ ಹಾಗೆ ಅಚ್ಚುಕಟ್ಟು, ಕಂದಿನ ಸುಳಿವೇ ಇಲ್ಲ. ಅದನ್ನೂ ನೂರರೊಳಗೆ ಸೇರಿಸುತ್ತಿದ್ದರು.

"ಸರ್, ನೀವು ಊರಿನವರನ್ನೂ ಕಳ್ಳರ ಲೆಕ್ಕಕ್ಕೆ ಹಿಡೀತಿದೀರ."

"ನಮ್ಮ ಹಳೇ ಪರೀಕ್ಷೆಗಳಲ್ಲಿ ಗಾಜಿನ ಮೇಲಿರೋದೆಲ್ಲ ಎಣಿಸ್ತಿದ್ವಿ."

"ಇದ್ರಲ್ಲಿ ಬರೀ ಕಳ್ಳರು, ಸರ್."

ಅವಳು ಗಾಜನ್ನು ತೆಗೆದು ಬೋರಲು ಹಾಕಿ, ಆರೋಗ್ಯವಂತ ಪದರಕ್ಕೂ ಗೆಡ್ಡೆಗೂ ನಡುವೆ ಮಾರ್ಕರಿನಿಂದ ಕಪ್ಪು ಗೆರೆ ಎಳೆದಳು. ಇದರಾಚೆ ದಯವಿಟ್ಟು ಹೋಗಬೇಡಿ ಎಂದಳು. ಅವರು ಗೊಣಗುತ್ತಲೇ ಬಗ್ಗಿದರು. ಗೆರೆಯ ಈಚೆಗಷ್ಟೇ ಎಣಿಸಿದರು.

"ಹದಿಮೂರು," ಎಂದರು ಕೊನೆಗೆ. "ಹದಿನಾಲ್ಕು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಸಹಿ ಹಾಕಲು ಹೋದರೆ ಅವರ ಪೆನ್ನು ಬರೆಯಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ತನ್ನದನ್ನು ಚಾಚಿದಳು.

ಲಿಫ್ಟಿಗೆ ಕಾಯದೆ ಮೂರು ಮಹಡಿ ಇಳಿದಾಗ ನಾಲ್ಕಕ್ಕೆ ಆರು ನಿಮಿಷವಿತ್ತು. ಸಭೆಯ ಕೋಣೆಯ ಬಾಗಿಲ ಬಳಿ ದರ್ಜಿಯ ಮಗಳು ಗೋಡೆಗೊರಗಿ ನಿಂತಿದ್ದಳು. ಹುಡುಗಿ ಏದುಸಿರು ಬಿಡುತ್ತಲೇ ವರದಿಯನ್ನು ಅವಳ ಕೈಯಲ್ಲಿಟ್ಟಳು.