ತೂಗಿ ಕೊಡುವ ಆಮೆನ್

ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ತಕ್ಕಡಿ ಮಾವ ಆಮೆನ್ ಎಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿಲ್ಲ. ಪ್ರಾರ್ಥಿಸುವವರ ಮಾತು ನಿಂತ ಮೇಲೂ ಅವರು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದರು. ಕೇಳಿದ್ದನ್ನೆಲ್ಲ ಮೊದಲಿನಿಂದ ಒಮ್ಮೆ ಮನಸ್ಸಿನೊಳಗೆ ತಿರುವಿಹಾಕಿ, ಒಪ್ಪಿದ್ದನ್ನು ಒಂದು ಕಡೆಗೂ ಒಪ್ಪದ್ದನ್ನು ಇನ್ನೊಂದು ಕಡೆಗೂ ಇಟ್ಟು, ಒಪ್ಪಿದ್ದಕ್ಕೆ ಮಾತ್ರ ಆಮೆನ್ ಕೊಡುತ್ತಿದ್ದರು. ಅಷ್ಟು ಹೊತ್ತೂ ಉಳಿದವರು ತಲೆ ತಗ್ಗಿಸಿಯೇ ಇರಬೇಕು. ಒಲೆಯ ಮೇಲಿನ ಹಾಲು ಮಾತ್ರ ಅವರಿಗಾಗಿ ಕಾಯುತ್ತಿರಲಿಲ್ಲ.

"ಕರ್ತನೇ, ನಮ್ಮನ್ನ ಕಾಪಾಡು, ಇವತ್ತೊಂದು ದಿನ ಮಳೆ ಬಾರದಿರಲಿ, ತೊಳೆದ ಪರದೆ ಒಣಗಲಿ" ಎಂದು ತಂಗಿ ಪ್ರಾರ್ಥಿಸಿದರೆ ಅಣ್ಣನ ಉತ್ತರ ಬಹಳ ಹೊತ್ತಿನ ಮೇಲೆ ಬರುತ್ತಿತ್ತು.

"ಕಾಪಾಡು ಅಂದದ್ದಕ್ಕೆ ಆಮೆನ್. ಮಳೆ ಬೇಕು ಅಂತ ಇನ್ಯಾರಾದರೂ ಕೇಳ್ಕೊಂಡಿರಬಹುದು."

"ಹಾಗಾದರೆ ನನ್ನ ಪರದೆ?"

"ಪರದೆ ಒಳಗೆ ಹರವು. ಅದು ಬೇರೆ, ಇದು ಬೇರೆ."

ಈ 'ಅದು ಬೇರೆ, ಇದು ಬೇರೆ' ಎಂಬುದು ಅವರ ನಾಲಗೆಯ ಮೇಲೆ ಸದಾ ಕೂತಿರುತ್ತಿದ್ದ ಮಾತು. ತಂಗಿ ಆಸ್ಪತ್ರೆಗಳಿಗೆ, ಶಾಲೆಗಳಿಗೆ ಪರದೆ ಹೊಲಿದುಕೊಡುವವಳು. ಗಂಡ ತೀರಿಕೊಂಡಾಗ ಮಗಳಿನ್ನೂ ತೊಡೆಯ ಮೇಲಿದ್ದಳು. ಆ ವಾರವೇ ಅಣ್ಣ ಬಂದು ಇಬ್ಬರನ್ನೂ ತನ್ನ ಅಂಗಡಿಯ ಮೇಲಿನ ಕೋಣೆಗಳಿಗೆ ಕರೆತಂದಿದ್ದರು, ಹೊಲಿಗೆಯಂತ್ರವನ್ನು ಹೆಗಲ ಮೇಲೆ ತಾವೇ ಹೊತ್ತು. ಅಂದಿನಿಂದ ಅವಳು ಆ ಮಾತನ್ನು ಕೇಳುತ್ತಲೇ ಇದ್ದಾಳೆ, ಕೇಳಿ ಕೇಳಿ ಕಿವಿ ಸವೆದಿದೆ.

ಕೆಳಗಿನ ಅಂಗಡಿಯಲ್ಲಿ ಅವರ ಕೆಲಸ ತಕ್ಕಡಿ ರಿಪೇರಿ. ತರಕಾರಿಯವರ ಕಬ್ಬಿಣದ ತಕ್ಕಡಿ, ಅಕ್ಕಸಾಲಿಗರ ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿ, ಸವೆದು ಹಗುರಾದ ತೂಕದ ಕಲ್ಲುಗಳು, ಎಲ್ಲ ಅಲ್ಲಿಗೆ ಬರುತ್ತಿದ್ದವು. ಕಲ್ಲಿನ ಅಡಿಯ ತೂತಿಗೆ ಕರಗಿದ ಸೀಸ ಹನಿಸುತ್ತಾ, ಮುಳ್ಳು ನಡುವೆ ನಿಲ್ಲುವ ತನಕ ಉಸಿರನ್ನೂ ಬಿಡದೆ ಕುಳಿತಿರುತ್ತಿದ್ದರು. ಎಲ್ಲ ಕಾಲದಲ್ಲೂ ಮೈಮೇಲೆ ಒಂದು ಕಂದು ಕೋಟು. ಬಲಜೇಬಿನಲ್ಲಿ ಪರೀಕ್ಷೆಯ ಸಣ್ಣ ಕಲ್ಲುಗಳು. ಆ ಭಾರಕ್ಕೆ ಕೋಟು ಒಂದು ಕಡೆ ಜೋತು, ಬಲಭುಜ ಇಳಿದು, ಎಡಭುಜ ಮೇಲೆದ್ದು, ಊರಿನವರ ತಕ್ಕಡಿಯನ್ನೆಲ್ಲ ನೆಟ್ಟಗೆ ಮಾಡುವ ಮನುಷ್ಯ ತಾನು ಮಾತ್ರ ಒಂದು ತಟ್ಟೆ ಕೆಳಗಾದ ತಕ್ಕಡಿಯಂತೆ ಬೀದಿಯಲ್ಲಿ ನಡೆದುಹೋಗುತ್ತಿದ್ದರು. "ನಾಲ್ಕು ಕಲ್ಲು ಎಡಜೇಬಿಗೆ ಹಾಕ್ಕೋಬಾರದಾ ಅಣ್ಣ?" ಎಂದರೆ, "ಎಡಜೇಬು ಸ್ಕ್ರೂಡ್ರೈವರಿಗೆ" ಎನ್ನುತ್ತಿದ್ದರು. ಮುಂದಿನ ಮಾತನ್ನು ತಂಗಿಯೇ ಪೂರ್ತಿ ಮಾಡಿಕೊಳ್ಳಬೇಕಿತ್ತು.

ಆದರೆ ಈ ಮಾತಿನ ನಿಜವಾದ ಬೇರು ಇದ್ದದ್ದು ಲೋಕದ ಕೊನೆಯ ಕಾಲದ ವಿಷಯದಲ್ಲಿ. ದೇವರು ಇಸ್ರಾಯೇಲ್ ಜನಕ್ಕೆ ಕೊಟ್ಟ ಮಾತು ಆ ಜನಕ್ಕೇ ಕೊಟ್ಟದ್ದು, ಸಭೆಗೆ, ಅಂದರೆ ಕ್ರೈಸ್ತ ವಿಶ್ವಾಸಿಗಳಿಗೆ, ಕೊಟ್ಟದ್ದು ಸಭೆಗೆ. ಯೆಹೂದ್ಯರು ತಮ್ಮ ನಾಡಿಗೆ ಹಿಂದಿರುಗಬೇಕು, ಸಭೆ ಆಕಾಶಕ್ಕೆ ಎತ್ತಲ್ಪಡಬೇಕು, ಆಮೇಲೆ ಲೋಕಕ್ಕೆ ಮಹಾಸಂಕಟ, ಅದರ ಕೊನೆಯಲ್ಲಿ ಆ ಜನ ತಾವು ಕಾಯುತ್ತಿದ್ದ ಮೆಸ್ಸೀಯ ಯೇಸುವೇ ಎಂದು ಗುರುತಿಸುವುದು, ಆಮೇಲೆ ಕರ್ತನು ಯೆರೂಸಲೇಮಿನಲ್ಲಿ ಕುಳಿತು ಸಾವಿರ ವರ್ಷ ಆಳುವುದು, ಹೀಗೆ ಅವರ ತಲೆಯಲ್ಲಿ ಎಲ್ಲವೂ ಅಂಗಡಿಯ ಕಪಾಟಿನ ಕಲ್ಲುಗಳಂತೆ ಸಾಲಾಗಿ ಕುಳಿತಿತ್ತು. ಅವರೂ ತಂಗಿಯೂ ಹೋಗುತ್ತಿದ್ದ ಹಳೆಯ ಸಭೆಯ ಬೋಧನೆಯೇ ಬೇರೆ. ಕ್ರಿಸ್ತನಲ್ಲಿ ಸೇರಿದವರು, ಯೆಹೂದ್ಯರಾಗಲಿ ಅನ್ಯರಾಗಲಿ, ಅವರೇ ಈಗ ನಿಜವಾದ ಇಸ್ರಾಯೇಲ್. ಸಾವಿರ ವರ್ಷ ಎಂಬುದು ಎಣಿಸುವ ವರ್ಷವಲ್ಲ, ನಾವಿರುವ ಈ ಕಾಲವೇ. ಕರ್ತನು ಬರುವುದು ಒಂದೇ ಸಲ, ಅಂದೇ ಪುನರುತ್ಥಾನ, ಅಂದೇ ನ್ಯಾಯತೀರ್ಪು ಎಂದು ಅಲ್ಲಿನವರ ನಂಬಿಕೆ. ಮತ್ತೆ ಯಾಕೆ ಅಲ್ಲಿಗೇ ಹೋಗುತ್ತೀರಿ ಎಂದು ಯಾರಾದರೂ ಕೇಳಿದರೆ, ಬೇರೆ ಸಭೆಗಳಿಗೂ ಹೋಗಿ ನೋಡಿದ್ದೇನೆ, ಅಲ್ಲಿ ಹಾಡು ಇನ್ನೂ ಕೆಟ್ಟದಾಗಿದೆ ಎನ್ನುತ್ತಿದ್ದರು.

ತಂಗಿಗೆ ಈ ವಿಷಯದಲ್ಲಿ ದೊಡ್ಡ ಜ್ಞಾನವೇನೂ ಇರಲಿಲ್ಲ. ಯಜಮಾನ ಬಂದಾಗ ಆಳು ಕೆಲಸದಲ್ಲಿರಬೇಕು, ಯಾವ ಬಾಗಿಲಿನಿಂದ ಬರುತ್ತಾನೆ ಎಂಬುದು ಅವನ ಇಷ್ಟ ಎಂದಷ್ಟೇ ಅವಳ ನಂಬಿಕೆ. ಒಮ್ಮೆ ಇದನ್ನು ಬಾಯಿಬಿಟ್ಟು ಹೇಳಿ, ಊಟ ತಣ್ಣಗಾಗಿ ಮತ್ತೆ ಬಿಸಿಯಾಗಿ ಮತ್ತೆ ತಣ್ಣಗಾಗುವ ತನಕ ಉತ್ತರ ಕೇಳಬೇಕಾಗಿ ಬಂದ ಮೇಲೆ ಅವಳು ಸುಮ್ಮನಿರುವುದನ್ನು ಕಲಿತಳು.

ಬುಧವಾರದ ಪ್ರಾರ್ಥನಾಕೂಟ ಔಷಧಿ ಅಂಗಡಿಯವನ ಮನೆಯಲ್ಲಿ. ಅವನು ತಕ್ಕಡಿ ಮಾವನ ಬಾಲ್ಯದ ಗೆಳೆಯ, ಹಳೆಯ ಬೋಧನೆಯ ಕಟ್ಟಾಳು. ಇಬ್ಬರಿಗೂ ಎದುರೆದುರು ಜಗಳವಾಡುವುದು ಇಷ್ಟವಿಲ್ಲ, ಪ್ರಾರ್ಥನೆಯಲ್ಲಿ ಜಗಳವಾಡುತ್ತಿದ್ದರು. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಹಾಗಿಲ್ಲವಲ್ಲ, ಇಬ್ಬರಿಗೂ ಅನುಕೂಲ.

"ಕರ್ತನೇ," ಎಂದು ಔಷಧಿಯವನು ಕಣ್ಣು ಮುಚ್ಚಿ ಶುರುಮಾಡುತ್ತಿದ್ದ, "ನೀನು ಬರುವ ದಿನ ಯಾರಿಗೂ ಗೊತ್ತಿಲ್ಲ ಅಂದೆ. ಈ ಕೋಣೇಲಿ ಒಬ್ಬರು ಅದನ್ನ ಪೇಪರಿನಲ್ಲಿ ಹುಡುಕ್ತಾ ಇದ್ದಾರೆ. ಹೆಸರು ಹೇಳೋದಿಲ್ಲ, ನಿನಗೆ ಗೊತ್ತು. ನಿನ್ನ ವಾಗ್ದಾನ ಒಂದು ಜನದಿಂದ ಎಲ್ಲಾ ಜನಕ್ಕೂ ಹರಡಿತು ಅನ್ನೋದನ್ನ ಅವರಿಗೆ ತೋರಿಸು."

ತಕ್ಕಡಿ ಮಾವನ ಸರದಿ ಬರುತ್ತಿತ್ತು. "ತಂದೆಯೇ, ಅಬ್ರಹಾಮನಿಗೆ ಕೊಟ್ಟ ಮಾತು ಅಬ್ರಹಾಮನ ಮಕ್ಕಳಿಗೆ ಇನ್ನೂ ಉಂಟು ಅಂತ ನಂಬೋಕೆ ಒಬ್ಬರಿಗೆ ಕಷ್ಟವಾಗಿದೆ. ದಿನಾ ಮಾತ್ರೆ ಮಾರ್ತಾರೆ. ಡಬ್ಬಿ ಮೇಲೆ ಬರೆದದ್ದು ಬರೆದ ಹಾಗೇ ಅರ್ಥ ಅಂತ ಗಿರಾಕಿಗಳಿಗೆ ಹೇಳ್ತಾರೆ. ನಿನ್ನ ಮಾತಿಗೂ ಅಷ್ಟು ಮರ್ಯಾದೆ ಕೊಡಲಿ."

ಹಿಂದಿನ ಬೆಂಚಿನಲ್ಲಿ ಹೆಂಗಸರ ಹೆಗಲುಗಳು ಅಲುಗುತ್ತಿದ್ದವು. ತಂಗಿ ತನ್ನ ಕರವಸ್ತ್ರವನ್ನು ಹಿಂಡುತ್ತಾ, ಇಬ್ಬರೂ ಸೇರಿ ದೇವರನ್ನು ಅಂಚೆಯವನನ್ನಾಗಿ ಮಾಡಿಕೊಂಡಿದ್ದಾರಲ್ಲ ಎಂದು ಒಳಗೇ ಕುದಿಯುತ್ತಿದ್ದಳು.

ಪೇಪರಿನ ಮಾತು ಸುಳ್ಳಲ್ಲ. ಪರದೇಶದ ಸುದ್ದಿಯ ಪುಟವನ್ನು ಅವರು ಮೊದಲು ಓದುತ್ತಿದ್ದರು. ಯೆಹೂದ್ಯರ ಆ ನಾಡಿನಲ್ಲಿ ಗುಂಡಿನ ಸದ್ದಾಯಿತೆಂದರೆ, ಕೊನೆಯ ಕಾಲ ಹತ್ತಿರ ಬಂತೆಂಬಂತೆ, ಮುಖದ ಮೇಲೆ ಏನೋ ಒಂದು ಕಳೆ ಬರುತ್ತಿತ್ತು. ತಂಗಿ ಬಹಳ ದಿನ ಸಹಿಸಿದಳು. ಒಂದು ಬೆಳಿಗ್ಗೆ ಸಹಿಸಲಿಲ್ಲ.

"ಅಣ್ಣ, ಸತ್ತಿರೋರು ಈ ಕಡೆಯವರಾಗಲಿ ಆ ಕಡೆಯವರಾಗಲಿ, ಯಾರದೋ ಮಕ್ಕಳು."

"ನಾನೇನು ಖುಷಿಪಟ್ಟೆನಾ?"

"ಕನ್ನಡಿ ತರಲಾ?"

ಅವರು ಪೇಪರು ಮಡಿಸಿಟ್ಟು ಕೆಳಗಿಳಿದು ಹೋದರು. ಮರುದಿನ ಬೆಳಗಿನ ಪ್ರಾರ್ಥನೆಗೆ ಅವರದೇ ಸರದಿ. ಆ ನೆಲದ ಎರಡೂ ಕಡೆಯ ತಾಯಂದಿರಿಗಾಗಿ ಬಹಳ ಹೊತ್ತು ಪ್ರಾರ್ಥಿಸಿದರು. ಕೊನೆಗೆ ಸುಮ್ಮನಾದರು. ತಂಗಿ ಕಣ್ಣು ತೆರೆದು ನೋಡಿದರೆ ಅಣ್ಣ ತನ್ನ ಪ್ರಾರ್ಥನೆಯನ್ನೇ ತೂಗಿ ನೋಡುತ್ತಾ ಕುಳಿತಿದ್ದಾರೆ. ಆ ಆಮೆನ್ ಬರುವಷ್ಟರಲ್ಲಿ ಅವಳು ಒಲೆ ಆರಿಸಿ ಬಂದಿದ್ದಳು.

ಇಂಥ ಮನುಷ್ಯ ಮನೆಗೆ ಹಿರಿಯನಾಗಿರುವಾಗ ತಂಗಿಯ ಮಗಳಿಗೆ ಗಂಡು ಗೊತ್ತಾಯಿತು.

ಹುಡುಗಿ ಶಿಶುವಿಹಾರದ ಟೀಚರು, ಹುಡುಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಪರದೆ ಅಳೆಯಲು ತಾಯಿಯ ಜೊತೆ ಹೋದವಳು ಅವನನ್ನು ನೋಡಿದ್ದು, ಆಮೇಲೆ ಅಳತೆ ಸರಿಯಿಲ್ಲವೆಂದು ಮತ್ತೆ ಮತ್ತೆ ಹೋದದ್ದು ತಾಯಿಗೆ ಗೊತ್ತಿಲ್ಲದ್ದೇನಲ್ಲ. ಹುಡುಗನ ಅಜ್ಜ ಹಿಂದೆ ಸಭಾಪಾಲಕರಾಗಿದ್ದವರು, ಎಲ್ಲರಿಗೂ ಅಯ್ಯನವರು. ಎರಡೂ ಮನೆಗಳಲ್ಲಿ ಒಂದೇ ರೂಢಿ: ಗಂಡಿನ ಕಡೆಯ ಹಿರಿಯರು ಪ್ರಾರ್ಥಿಸಬೇಕು, ಹೆಣ್ಣಿನ ಕಡೆಯ ಹಿರಿಯರು ಆಮೆನ್ ಎನ್ನಬೇಕು, ಅಲ್ಲಿಗೆ ನಿಶ್ಚಯ ಮುಗಿದಂತೆ. ಉಂಗುರ, ಫೋಟೋ ಎಲ್ಲ ಆಮೇಲಿನ ಮಾತು.

"ಅಣ್ಣ, ಅವತ್ತೊಂದು ದಿನ," ಎಂದು ತಂಗಿ ಹಿಂದಿನ ದಿನವೇ ಬೇಡಿಕೊಂಡಳು. "ಅವರು ಏನೇ ಅನ್ನಲಿ, ಒಂದೇ ಒಂದು ಪೂರ್ತಿ ಆಮೆನ್."

"ಕೇಳೋಕೆ ಮುಂಚೆ ಹೇಗೆ ಮಾತು ಕೊಡಲಿ? ಖಾಲಿ ಕಾಗದಕ್ಕೆ ಸಹಿ ಹಾಕು ಅಂದ ಹಾಗಾಯ್ತು."

"ಹಾಕು. ನಿನ್ನ ಸೊಸೆಗೋಸ್ಕರ ಹಾಕು."

ಅವರು ಕೋಟಿನ ಗುಂಡಿ ಹಾಕಿಕೊಂಡರು, ಹಾಕಿದ್ದನ್ನು ಬಿಚ್ಚಿದರು, ಮತ್ತೆ ಹಾಕಿಕೊಂಡರು.

ಅಯ್ಯನವರ ಪ್ರಾರ್ಥನೆ ಉದ್ದವಾಗಿತ್ತು, ಚೆನ್ನಾಗಿತ್ತು. ಹುಡುಗ ಹುಡುಗಿಯನ್ನು ಹೆಸರು ಹಿಡಿದು ಹರಸಿದರು, ಹುಡುಗಿಯ ತೀರಿಕೊಂಡ ತಂದೆಯನ್ನು ನೆನೆದರು; ತಂಗಿಯ ಕಣ್ಣು ತುಂಬಿತು. ಆಮೇಲೆ ಕೊನೆಯ ಮಾತು ಬಂತು: "ಹಳೆಯ ಇಸ್ರಾಯೇಲಿಗೆ ನೀನು ಕೊಟ್ಟ ಎಲ್ಲ ವಾಗ್ದಾನಗಳಿಗೂ ಈಗ ಹಕ್ಕುಳ್ಳ ನಿನ್ನ ಸಭೆಯಲ್ಲಿ, ನಿನ್ನ ನಿಜವಾದ ಇಸ್ರಾಯೇಲಿನಲ್ಲಿ, ಇವರ ಮನೆ ನಿಲ್ಲಲಿ."

ಎಲ್ಲರೂ ತಲೆ ತಗ್ಗಿಸಿ ಕಾದರು. ಟ್ರೇ ಹಿಡಿದು ನಿಂತಿದ್ದ ಪಕ್ಕದ ಮನೆಯಾಕೆಯ ಕೈಯಲ್ಲಿ ಲೋಟಗಳು ಕಿಣಿಕಿಣಿ ಎನ್ನತೊಡಗಿದವು. ತಂಗಿ ಆ ಹೊತ್ತಿನಲ್ಲಿ ಮಾಡಿದ ಪ್ರಾರ್ಥನೆಗೆ ಮಾತೇ ಇರಲಿಲ್ಲ.

"ಮಕ್ಕಳ ಮೇಲಿನ ಆಶೀರ್ವಾದಕ್ಕೆ," ಎಂದರು ತಕ್ಕಡಿ ಮಾವ ಮೆಲ್ಲಗೆ, "ಪೂರ್ಣಮನಸ್ಸಿನಿಂದ ಆಮೆನ್. ಆ ಕೊನೆ ಮಾತಿಗೆ ಮಾತ್ರ ನನ್ನಿಂದ ಆಗೋದಿಲ್ಲ. ಅದು ಬೇರೆ, ಇದು ಬೇರೆ."

ಅಯ್ಯನವರು ಒಂದು ಕಣ್ಣು ತೆರೆದು ನೋಡಿದರು. ಹುಡುಗನ ಸೋದರತ್ತೆ ಎರಡೂ ಕಣ್ಣು ತೆರೆದು ಎದ್ದೇ ನಿಂತರು. "ಆಶೀರ್ವಾದದಲ್ಲೂ ಚೌಕಾಸಿನಾ? ಎಂಥ ಮನೆಗೆ ಬಂದೆವಪ್ಪಾ." ಲೋಟಗಳು ತುಂಬಿದ ಹಾಗೇ ಉಳಿದವು. ಪೂರ್ತಿ ಆಮೆನ್ ಸಿಗುವ ತನಕ ಈ ಸಂಬಂಧದ ಮಾತು ಬೇಡ ಎಂದು ಸೋದರತ್ತೆ ಮೆಟ್ಟಿಲಿಳಿಯುತ್ತಲೇ ಹೇಳಿಹೋದರು.

ಮಗಳು ಅಳಲಿಲ್ಲ. ಮಾವನ ಎದುರು ಬಂದು ನಿಂತಳು. "ಮಾವ, ನಿಮ್ಮ ಆ ಸಾವಿರ ವರ್ಷದಲ್ಲಿ ನನ್ನ ಮದುವೆಗೆ ಒಂದು ದಿನ ಬಿಡುವಿದೆಯಾ?"

ಆ ಹುಡುಗಿಗೆ ನಡೆಯಲು ಕಲಿಸಿದವರು ಅವರು. ಅಂಗಡಿಯ ದೊಡ್ಡ ತಕ್ಕಡಿಯ ತಟ್ಟೆಯಲ್ಲಿ ಕೂರಿಸಿ ತೂಗಿದವರು ಅವರು. ಆ ಮಾತು ಕೇಳಿದ ದಿನದಿಂದ ಊಟದ ತಟ್ಟೆಯಲ್ಲಿ ಅನ್ನ ಹಾಗೇ ಬಿಡತೊಡಗಿದರು. ಅಂಗಡಿಯಲ್ಲಿ ಸೀಸ ಕರಗಿಸಿ, ಹನಿಸುವುದನ್ನು ಮರೆತು, ಗಟ್ಟಿಯಾದ ಮೇಲೆ ಮತ್ತೆ ಕರಗಿಸುತ್ತಿದ್ದರು. ತಂಗಿ ಬೈದಳು, ಅತ್ತಳು, ಮಾತು ಬಿಟ್ಟಳು, ಮತ್ತೆ ಬೈದಳು.

"ಎಲ್ಲರೂ ಅಂತಾರೆ ಅಣ್ಣ. ಅರ್ಧ ಜನಕ್ಕೆ ಏನು ಕೇಳಿಸಿತು ಅಂತಾನೂ ಗೊತ್ತಿರಲ್ಲ. ಬಾಯಿ ಮಾತು ಅದು."

"ಆಮೆನ್ ಅಂದರೆ ಹಾಗೇ ಆಗಲಿ ಅಂತ. ಹಾಗಾಗೋದು ಬೇಡ ಅಂತ ಮನಸ್ಸಿನಲ್ಲಿಟ್ಟುಕೊಂಡು ದೇವರ ಮುಂದೆ ಹಾಗೇ ಆಗಲಿ ಅನ್ನಲಾ? ಅದೂ ನನ್ನ ಕೂಸಿನ ಮದುವೆಯಲ್ಲಿ?"

"ದೇವರಿಗೆ ನಿನ್ನ ತಕ್ಕಡಿ ನೋಡೋದು ಬಿಟ್ಟು ಬೇರೆ ಕೆಲಸ ಇಲ್ಲ ಅಂದ್ಕೊಂಡಿದ್ದೀಯಾ?"

ಅವರು ಇದನ್ನೂ ತೂಗಿ ನೋಡುವವರಂತೆ ತಲೆ ಬಗ್ಗಿಸಿದರು. ತಂಗಿಗೆ ಎದುರಿಗಿದ್ದ ಕಲ್ಲನ್ನೆತ್ತಿ ನೆಲಕ್ಕೆ ಕುಕ್ಕಬೇಕೆನಿಸಿತು.

ಕೆಲವು ದಿನಗಳ ಮೇಲೆ, ತಂಗಿ ಊಟದ ಡಬ್ಬಿ ಹಿಡಿದು ಅಂಗಡಿಗೆ ಇಳಿದಿದ್ದಾಗ, ಕೋಲೂರಿಕೊಂಡು ಅಯ್ಯನವರೇ ಬಂದರು. ಅವಳು ಸ್ಟೂಲು ಒರೆಸಿ ಕೊಟ್ಟಳು. ಮುದುಕರು ಕೂತು, ಕಪಾಟಿನ ಸಾಲನ್ನು ನೋಡಿ, ಉಸಿರು ಸರಿಮಾಡಿಕೊಂಡು ಹೇಳಿದರು:

"ಹುಡುಗ ಅನ್ನ ಬಿಟ್ಟಿದ್ದಾನೆ. ನನ್ನ ಮಗಳು ಹಟ ಬಿಡ್ತಿಲ್ಲ. ನಾನೇ ಒಂದು ದಾರಿ ನೋಡಿದೆ. ಮತ್ತೊಮ್ಮೆ ಸೇರೋಣ. ಆ ಇಸ್ರಾಯೇಲಿನ ಮಾತು ನಾನು ಬಿಟ್ಟುಬಿಡ್ತೀನಿ. ಬರೀ ಮಕ್ಕಳಿಗೋಸ್ಕರ ಪ್ರಾರ್ಥನೆ. ನಿಮ್ಮ ಆಮೆನ್ ಪೂರ್ತಿ ಬರುತ್ತಲ್ಲ? ಅವಳ ಬಾಯಿ ಮುಚ್ಚುತ್ತೆ."

ತಂಗಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟೆಯಲ್ಲ ಕರ್ತನೇ ಎಂದುಕೊಂಡಳು. ಕಣ್ಣು ತೆರೆದಾಗ ಅಣ್ಣ ಇನ್ನೂ ಉತ್ತರ ಕೊಟ್ಟಿರಲಿಲ್ಲ. ಆ ಮೌನ ಅವಳಿಗೆ ಚೆನ್ನಾಗಿ ಪರಿಚಯವಿದ್ದದ್ದು.

"ಬೇಡ ಅಯ್ಯನವರೇ," ಎಂದರು ಅವರು. "ನೀವು ದೊಡ್ಡ ಮನಸ್ಸು ಮಾಡಿ ಬಂದಿದ್ದೀರಿ. ಆದರೆ ನಂಬಿದ್ದನ್ನ ನನಗೋಸ್ಕರ ದೇವರ ಹತ್ತಿರ ನುಂಗಬೇಡಿ. ನೀವು ನುಂಗಿದ್ದೀರಿ ಅಂತ ಗೊತ್ತಿದ್ದೂ ನಾನು ಪೂರ್ತಿ ಆಮೆನ್ ಅಂದರೆ, ಅವತ್ತು ಅಂದದ್ದಕ್ಕಿಂತ ಅದು ಕಡಿಮೆ ತೂಕದ್ದು. ನೀವು ನಿಮ್ಮ ಮಾತು ಪೂರ್ತಿ ಹೇಳಿ. ನನ್ನಿಂದ ಎಷ್ಟಾಗುತ್ತೋ ಅಷ್ಟು ನಾನು ಹೇಳ್ತೀನಿ."

ಮುದುಕರು ನಗತೊಡಗಿದರು, ನಗು ಕೆಮ್ಮಾಯಿತು, ತಂಗಿ ನೀರು ತಂದುಕೊಡಬೇಕಾಯಿತು.

"ಜೀವಮಾನವೆಲ್ಲ ಜನರ ಎದುರು ಪ್ರಾರ್ಥಿಸಿದೆ," ಎಂದರು ಬಾಯಿ ಒರೆಸಿಕೊಂಡು. "ನಮ್ಮ ಮನೆಯಲ್ಲಿ ನಾನು ಕಣ್ಣು ಮುಚ್ಚಿದ ಕೂಡಲೇ ಆ ಮಗಳು ತೂಕಡಿಸ್ತಾಳೆ, ನಾನು ನಿಲ್ಲಿಸಿದ ಕೂಡಲೇ ಎಲ್ಲರಿಗಿಂತ ಜೋರಾಗಿ ಆಮೆನ್ ಅಂತಾಳೆ. ಕೊನೇ ಮಾತಿನ ತನಕ ಕೇಳಿಸಿಕೊಂಡದ್ದು ನೀವೊಬ್ಬರೇ." ಕೋಲು ಹುಡುಕಿಕೊಂಡು ಎದ್ದರು. "ನಿಶ್ಚಯ ಅವತ್ತೇ ಆಗಿದೆ ಅಂತ ಅವಳಿಗೆ ನಾನು ಹೇಳ್ತೀನಿ. ಮದುವೆ ದಿನ ನಾನು ಒಂದು ಮಾತೂ ಬಿಡೋದಿಲ್ಲ, ನೋಡ್ಕೊಳ್ಳಿ. ನಿಮಗೆ ಇನ್ನೂ ಕಷ್ಟವಾಗೋ ಹಾಗೆ ಪ್ರಾರ್ಥಿಸ್ತೀನಿ."

"ಪ್ರಾರ್ಥಿಸಿ ಅಯ್ಯನವರೇ," ಎಂದರು ತಕ್ಕಡಿ ಮಾವ, ಅಂಗಡಿಯ ಮೆಟ್ಟಿಲನ್ನು ಕೈಹಿಡಿದು ಇಳಿಸುತ್ತಾ.

ಇಂಥವರ ಜೊತೆ ಒಂದೇ ಸೂರಿನಡಿ ಬಾಳಿದವರಿಗಷ್ಟೇ ಅದರ ಕಷ್ಟ ಗೊತ್ತು. ಅವರು ಸರಿಯೆಂದೂ ಹೇಳಲಾಗುವುದಿಲ್ಲ. ಕೊನೆಯ ದಿನ ಬಂದಾಗ, ಅವರು ಸಾಲಾಗಿ ಜೋಡಿಸಿಟ್ಟದ್ದೆಲ್ಲ ಉಲ್ಟಾ ಆಗಿರಲೂಬಹುದು, ಅಯ್ಯನವರದ್ದೂ ಹಾಗೆಯೇ. ಸುಲಭವಾಗಿ ಮುಗಿಯಬೇಕಾದದ್ದನ್ನು ಅವರು ಕಗ್ಗಂಟು ಮಾಡುತ್ತಾರೆ, ಹಿತೈಷಿಗಳು ಚಾಚಿದ ಕೈಯನ್ನು ಪಕ್ಕಕ್ಕೆ ಸರಿಸುತ್ತಾರೆ, ಪ್ರೀತಿಸುವವರಿಂದಲೇ ಹೆಚ್ಚು ಬೈಸಿಕೊಳ್ಳುತ್ತಾರೆ. ಆದರೆ ನಾವು ತಲೆಯಾಡಿಸಿ ದಾಟಿಹೋಗುವ ಮಾತಿನ ಎದುರು ಅವರು ನಿಂತುಬಿಡುತ್ತಾರೆ. ಅದರ ಅರ್ಥವೇನು, ಅದಕ್ಕೆ ತಾನು ಹೂಂ ಅನ್ನಬಹುದೇ ಎಂದು ಯೋಚಿಸುತ್ತಾರೆ. ಅವರು ಇಲ್ಲ ಅಂದದ್ದನ್ನು ಮರೆಯುವುದು ಕಷ್ಟ. ಹೌದು ಅಂದದ್ದನ್ನು ಮಾತ್ರ ಮತ್ತೆ ಯಾರ ಹತ್ತಿರವೂ ವಿಚಾರಿಸಬೇಕಾಗಿಲ್ಲ.