ಸುಗುಣಳ ಕೊರಳು

ಅರಿಶಿನದಲ್ಲಿ ನೆನೆದ ದಾರ ನನ್ನ ಬೆರಳಿಗೆಲ್ಲ ಬಣ್ಣ ಬಿಡುತ್ತಿತ್ತು. ನಮ್ಮಲ್ಲಿ ತಾಳಿಯ ಮೊದಲ ಗಂಟು ಮಾತ್ರ ಮದುವೆಗಂಡಿನದು. ಉಳಿದವನ್ನು ಅವನ ಅಕ್ಕನೋ ತಂಗಿಯೋ ಹೆಣ್ಣಿನ ಹಿಂದೆ ನಿಂತು ಬಿಗಿಯಬೇಕು. ತಮ್ಮ ದಯಾನಂದನಿಗೆ ಇದ್ದವಳು ನಾನೊಬ್ಬಳೇ.

ಅವನಿಗೂ ಎಚ್‌ಐವಿ, ಸುಗುಣಳಿಗೂ ಎಚ್‌ಐವಿ. ಆಸ್ಪತ್ರೆಯಲ್ಲಿ ಮಾತ್ರೆಗಾಗಿ ನಿಲ್ಲುವ ಸಾಲಿನಲ್ಲೇ ಪರಿಚಯವಾದದ್ದು. ತಪ್ಪದೆ ಮಾತ್ರೆ ನುಂಗಿ ಇಬ್ಬರೂ ಗಟ್ಟಿಯಾಗಿದ್ದಾರೆ ಎಂದೇ ನಾನು ನಂಬಿದ್ದೆ.

ದಯಾನಂದ ತನ್ನ ಗಂಟು ಹಾಕಿ ಕೈ ತೆಗೆದ. ನಾನು ಸುಗುಣಳ ಜಡೆ ಸರಿಸಿದೆ. ಕಿವಿಯ ಹಿಂದೆ, ಕೂದಲ ಮರೆಯಲ್ಲಿ, ನೆಲ್ಲಿಕಾಯಿ ಗಾತ್ರದ ಗೆಡ್ಡೆ ಬೆರಳಿಗೆ ತಾಗಿತು. ಅದರ ಕೆಳಗೆ ಇನ್ನೊಂದು. ಕೈ ಅಲ್ಲೇ ನಿಂತಿತು. ಪಕ್ಕದಲ್ಲೇ ಊದುತ್ತಿದ್ದ ವಾಲಗ ಎಲ್ಲೋ ದೂರ ಹೋದಂತಾಯಿತು.

"ಏನೇ, ಗಂಟು ಹಾಕೋಕೆ ನಿಂಗೆ ಬೇರೆ ಮುಹೂರ್ತ ಇಡಿಸ್ಬೇಕಾ?" ಎಂದು ಸೋದರತ್ತೆ ಚುಚ್ಚಿದರು. ಸುತ್ತಲಿದ್ದವರು ನಕ್ಕರು.

ತಮ್ಮನ ಕಿವಿಯ ಬಳಿ ಬಾಗಿದೆ. "ದಯಾ, ಇವಳ ಕತ್ತಲ್ಲಿ ಏನೋ ಇದೆ ಕಣೋ."

ಅವನು ಮುಖ ತಿರುಗಿಸಲಿಲ್ಲ. "ಬಲಗಡೆ ಇನ್ನೂ ದೊಡ್ಡದಿದೆ. ಒತ್ತಬೇಡ, ಅವಳಿಗೆ ನೋಯುತ್ತೆ."

"ಗೊತ್ತಿದ್ದೂ ನೀನು..."

"ಗೊತ್ತಿದ್ದೇ ಅಕ್ಕ. ಕಟ್ಟು."

ಹೇಗೆ ಕಟ್ಟಿದೆನೋ ಇಂದಿಗೂ ತಿಳಿಯದು.

ಊಟದೆಲೆ ತೆಗೆಯುವ ಹೊತ್ತಿಗೆ ಸುಗುಣ ತಾನಾಗಿ ಬಂದು ಪಕ್ಕದಲ್ಲಿ ಕೂತಳು. ಬಿಡದ ಜ್ವರ, ಬೆವರು ನೋಡಿ ಕ್ಷಯವೆಂದು ತಿಂಗಳುಗಟ್ಟಲೆ ಔಷಧಿ ಕೊಟ್ಟಿದ್ದರಂತೆ. ಗೆಡ್ಡೆಗಳು ಕರಗಲಿಲ್ಲ. ಕೊನೆಗೆ ಒಂದು ಗೆಡ್ಡೆಯನ್ನೇ ಕೊಯ್ದು ಪರೀಕ್ಷೆಗೆ ಕಳಿಸಿದಾಗ ಬಂದ ಹೆಸರು ಕ್ಯಾಸಲ್‌ಮನ್ ಕಾಯಿಲೆ, ಎಚ್‌ಐವಿ ಇದ್ದವರಲ್ಲಿ ಕೆಲವರಿಗೆ ಗ್ರಂಥಿಗಳು ಹೀಗೆ ಊದುವಂಥದ್ದು.

"ಬಹಳ ಅಪರೂಪದ್ದಂತೆ ಅಕ್ಕ. ಸುಮ್ನೆ ಬಿಟ್ರೆ ಉಳಿಯಲ್ಲ, ಡ್ರಿಪ್ ಹಾಕಿಸ್ಕೊಂಡ್ರೆ ಕರಗಬಹುದು ಅಂದ್ರು. ನಾನು ಮದುವೆನೇ ಬೇಡ ಅಂದೆ. ಇವರು ಕೇಳ್ಬೇಕಲ್ಲ. 'ವಾರ್ಡಲ್ಲಿ ನೀನು ಇವಳಿಗೆ ಏನಾಗ್ಬೇಕು ಅಂತ ಕೇಳಿದ್ರೆ ನಾನೇನು ಹೇಳ್ಲಿ' ಅಂತ ಮುಹೂರ್ತನೇ ಬೇಗ ಇಡಿಸಿದ್ರು."

ನಾನು ನನ್ನ ಹಳದಿ ಬೆರಳುಗಳನ್ನೇ ನೋಡುತ್ತ ಕೂತಿದ್ದೆ.

ಆಮೇಲೆ ಡ್ರಿಪ್ ಶುರುವಾಯಿತು. ಸ್ಕ್ಯಾನ್ ಮಾಡುವಾಗಲೆಲ್ಲ ತಾಳಿ ಬಿಚ್ಚಿಸುತ್ತಿದ್ದರು. ಅದನ್ನು ಮುಷ್ಟಿಯಲ್ಲಿಟ್ಟುಕೊಂಡು ಹೊರಗೆ ಕಾಯುವುದು, ಬಂದ ಮೇಲೆ ಮತ್ತೆ ಕಟ್ಟುವುದು ನನ್ನ ಪಾಲಿಗೆ ಬಂತು. ಕಿವಿಯ ಹಿಂದಕ್ಕೆ ಬೆರಳು ಹೆದರುತ್ತಲೇ ಹೋಗುತ್ತಿತ್ತು. ಒಂದು ದಿನ ತಡಕಿದರೆ ಏನೂ ಸಿಗಲಿಲ್ಲ. ಬಲಗಡೆಯೂ ಬರೀ ಬೆಚ್ಚನೆಯ ಚರ್ಮ. ಮದುವೆಯ ದಿನದಂತೆಯೇ ಕೈ ನಿಂತುಬಿಟ್ಟಿತು.

"ಯಾಕಕ್ಕ, ಮುಹೂರ್ತ ಬರ್ಬೇಕಾ?" ಎಂದಳು ಸುಗುಣ.

ಅಂದು ದಾರ ಹೊಸದು. ನನ್ನ ಬೆರಳಿಗೆಲ್ಲ ಹಳದಿ ಹತ್ತಿತ್ತು. ನಾನು ತಡಕಿದಲ್ಲೆಲ್ಲ ಅವಳ ಕತ್ತಿಗೂ.