ಹಿತ್ತಲ ಗೋಡೆಯ ಏಣಿ

ನಾನು ಹುಟ್ಟಿದ್ದು ತುಮಕೂರಿನ ಹೊರಗೆ, ರಸ್ತೆ ಬದಿಯಲ್ಲಿ, ಮೇದಾರರ ಹನುಮಕ್ಕನ ಗುಡಿಸಲಿನ ಮುಂದೆ. ಎರಡು ನೀಳ ಬಿದಿರು, ನಡುವೆ ಅಡ್ಡ ಮೆಟ್ಟಿಲು, ಅಲ್ಲಾಡದಂತೆ ಹುರಿಹಗ್ಗದ ಕಟ್ಟು. ಹೀಗೆ ಏಣಿಯಾದೆ. ಹನುಮಕ್ಕ ನನ್ನನ್ನು ಮರಕ್ಕೆ ಒರಗಿಸಿ, ತಾನೇ ಒಮ್ಮೆ ಹತ್ತಿ ಇಳಿದು, "ಆನೆ ಹತ್ತಿದ್ರೂ ತಡೀತದೆ" ಎಂದಳು. ಆನೆ ಬರಲಿಲ್ಲ. ಬಂದವನು ಗಾರೆ ಕೆಲಸದ ದೊಡ್ಡಯ್ಯ.

ಅವನ ಹೆಗಲೇರಿ ನಾನು ಒಂದು ಹೊಸ ಬಡಾವಣೆಗೆ ಬಂದೆ. ಬಡಾವಣೆ ಅನ್ನೋದು ಹೆಸರಿಗಷ್ಟೆ. ಕೆಮ್ಮಣ್ಣಿನ ದಾರಿ, ಕಲ್ಲು ನೆಟ್ಟ ಖಾಲಿ ಸೈಟುಗಳು, ಸೊಂಟದೆತ್ತರ ಪಾರ್ಥೇನಿಯಂ, ಅಲ್ಲೊಂದು ಇಲ್ಲೊಂದು ಮನೆ. ಬಸ್ ಕಂಡಕ್ಟರ್ ಪಂಚಾಕ್ಷರಯ್ಯನವರ ಮನೆಗೆ ಸುಣ್ಣಬಣ್ಣ ಮುಗಿಸಿದ ದೊಡ್ಡಯ್ಯ ನನ್ನನ್ನು ಅಲ್ಲೇ ಬಿಟ್ಟ. "ತಾರಸಿಗೆ ಮೆಟ್ಟಿಲು ಕಟ್ಟಿಸೋವರೆಗೆ ಇರಲಿ, ತಾಯಿ" ಎಂದ. ಅವರು ಮೆಟ್ಟಿಲು ಕಟ್ಟಿಸಲೇ ಇಲ್ಲ. ನಾನು ಮನೆಯೊಡತಿ ಸರ್ವಮಂಗಳಳ ಪಾಲಿಗೆ ಉಳಿದೆ.

ಸರ್ವಮಂಗಳ ಗುಬ್ಬಿ ಊರಿನ ತುಂಬಿದ ಮನೆಯ ಹುಡುಗಿ. ಅತ್ತಿಗೆಯರು, ಚಿಕ್ಕಮ್ಮಂದಿರು, ಎಳೆಮಕ್ಕಳ ನಡುವೆ ಬೆಳೆದವಳು. ಇಲ್ಲಿ ಗಂಡ ಡ್ಯೂಟಿಗೆ ಹೊರಟು, ಮಕ್ಕಳು ಶಾಲೆಗೆ ಹೋದರೆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದೊಂದೇ. ಸಂಡಿಗೆ ಒಣಗಿಸುವ ನೆಪದಲ್ಲಿ ನನ್ನನ್ನು ಹತ್ತಿ ತಾರಸಿಗೆ ಹೋಗುವಳು. ಸಂಡಿಗೆ ಹರವಿ ಮುಗಿದ ಮೇಲೂ ಮುಖ್ಯ ರಸ್ತೆಯ ಕಡೆ ನೋಡುತ್ತ ನಿಂತಿರುವಳು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವಳ ಒಡೆದ ಹಿಮ್ಮಡಿ, ಸೀರೆಯ ಅಂಚು ಅಷ್ಟೆ. ಆದರೂ ಹತ್ತುವಾಗಿನ ಕಾಲಿಗಿಂತ ಇಳಿಯುವಾಗಿನ ಕಾಲು ಭಾರ ಎಂದು ನನಗೆ ಗೊತ್ತಾಗುತ್ತಿತ್ತು.

ಆಮೇಲೆ ಪಕ್ಕದ ಸೈಟಿನಲ್ಲಿ ಮನೆ ಎದ್ದಿತು. ಗದಗಿನ ಕಡೆಯ ಈರಣ್ಣ ಎಂಬ ಸರ್ಕಾರಿ ನೌಕರ, ಅವನ ಹೆಂಡತಿ ಕಸ್ತೂರಿ. ಬಂದ ಮಾರನೆಯ ದಿನವೇ ಕಸ್ತೂರಿ ಎದೆಯೆತ್ತರದ ಹಿತ್ತಲ ಗೋಡೆಯಾಚೆಯಿಂದ ಕೇಳಿದಳು: "ಅಕ್ಕಾರ, ಏಣಿ ಕೊಡ್ತೀರೇನ್ರಿ? ಕಿಟಕಿಗೆ ಪರದೆ ಕಟ್ಟೋದೈತ್ರಿ."

ಏಣಿ ಕೊಟ್ಟರೆ ಸಾಕಿತ್ತು. ಸರ್ವಮಂಗಳ ನನ್ನ ಒಂದು ತುದಿ ಹಿಡಿದು ತಾನೂ ಹೋದಳು. ಪರದೆ ಕಟ್ಟಿದ್ದು ಸಂಜೆಗೆ. ಅಷ್ಟರಲ್ಲಿ ಇಬ್ಬರ ತವರಿನ ಕಥೆಯೂ ಮುಗಿದಿತ್ತು.

ಅಲ್ಲಿಂದ ನನಗೆ ಬಿಡುವಿಲ್ಲದಾಯಿತು. ಮನೆಗಳು ಹೆಚ್ಚಿದವು. ಬೀದಿಗೆಲ್ಲ ನಾನೊಬ್ಬನೇ ಏಣಿ. ದೀಪಾವಳಿಗೆ ಸೀರಿಯಲ್ ಸೆಟ್ ಕಟ್ಟಲು, ಟ್ಯಾಂಕು ತೊಳೆಯಲು, ಸಜ್ಜೆಯ ಮೇಲೆ ಸಿಕ್ಕಿಕೊಂಡ ಬೆಕ್ಕಿನ ಮರಿ ಇಳಿಸಲು ಮನೆಮನೆಗೂ ಹೋಗಿಬಂದೆ. ಮರಳಿ ತಂದವರು ಬಾಗಿಲಲ್ಲಿ ನಿಂತು ನಾಲ್ಕು ಮಾತಾಡದೆ ಹೋಗುತ್ತಿರಲಿಲ್ಲ.

ಹೀಗಿರುವಾಗ ಗಂಡಸರು ಕಿತ್ತಾಡಿಕೊಂಡರು. ಬಡಾವಣೆಗೆ ಇನ್ನೂ ಚರಂಡಿ ಬಂದಿರಲಿಲ್ಲ. ಈರಣ್ಣನ ಬಚ್ಚಲ ನೀರು ಪಂಚಾಕ್ಷರಯ್ಯನವರ ಹಿತ್ತಲಿಗೆ ಹರಿಯಿತು. ಮಾತಿಗೆ ಮಾತು ಬೆಳೆಯಿತು. ಪಂಚಾಕ್ಷರಯ್ಯ ವಾರದೊಳಗೆ ಗೋಡೆಯನ್ನು ಆಳೆತ್ತರಕ್ಕೂ ಮೀರಿ ಏರಿಸಿದರು. "ಇನ್ಮೇಲೆ ಆ ಮನೆ ಸುದ್ದಿ ಬೇಡ" ಎಂದರು.

ಮರುದಿನ ಅವರು ಡ್ಯೂಟಿಗೆ ಹೋದ ಮೇಲೆ ಸರ್ವಮಂಗಳ ನನ್ನನ್ನು ಆ ಗೋಡೆಗೆ ಒರಗಿಸಿ ಹತ್ತಿದಳು. ಆಚೆ ಕಸ್ತೂರಿ ನೀರಿನ ಡ್ರಮ್ಮು ಬೋರಲು ಹಾಕಿ ಅದರ ಮೇಲೆ ಆಗಲೇ ನಿಂತಿದ್ದಳು.

"ಊಟ ಆತೇನ್ರಿ ಅಕ್ಕಾರ?"

"ಇಲ್ಲ ಕಣೆ. ನಿಂದು?"

"ನಂದೂ ಇಲ್ರಿ."

ಇಬ್ಬರೂ ನಕ್ಕರು. ಅಂದಿನಿಂದ ದಿನಾ ಅದೇ. ಆಚೆಯಿಂದ ಶೇಂಗಾ ಚಟ್ನಿ, ಈಚೆಯಿಂದ ಅವರೆಕಾಳು ಸಾರು. ದೊಡ್ಡ ವಿಷಯ ಏನೂ ಇರುತ್ತಿರಲಿಲ್ಲ. ಗ್ಯಾಸು ಮುಗಿದದ್ದು, ಸೊಪ್ಪಿನವಳು ಬಾರದ್ದು, ಮಗಳ ಕೆಮ್ಮು.

ಒಂದು ಮಧ್ಯಾಹ್ನ ಪಂಚಾಕ್ಷರಯ್ಯ ಹೊತ್ತಿಗೆ ಮುಂಚೆ ಮನೆಗೆ ಬಂದರು. ಹೆಂಡತಿ ನನ್ನ ಮೇಲೆ ನಿಂತು, ಕಸ್ತೂರಿ ಹೇಳಿದ ಯಾವುದಕ್ಕೋ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವರು ಹಿಂಬಾಗಿಲಲ್ಲಿ ನಿಂತು ನೋಡಿದರು. ಚೀಲ ಹಿಡಿದ ಕೈ ಹಾಗೇ ಇತ್ತು. ಈಗ ಬೈಗುಳ ಬಂತು ಅಂದುಕೊಂಡೆ. ಅವರು ಸದ್ದಾಗದಂತೆ ಒಳಗೆ ಹೋದರು.

ಭಾನುವಾರ ಹಗ್ಗದ ಸುರುಳಿ ಹಿಡಿದು ಬಂದು ನನ್ನ ಸಡಿಲವಾದ ಮೆಟ್ಟಿಲುಗಳನ್ನೆಲ್ಲ ಮತ್ತೆ ಬಿಗಿದರು. ಸರ್ವಮಂಗಳ ನೋಡುತ್ತ ನಿಂತಳು.

"ಬಿದ್ದು ಸೊಂಟ ಮುರ್ಕೊಂಡ್ರೆ ನೋಡೋರ್ ಯಾರು?" ಎಂದರು, ಅವಳ ಮುಖ ನೋಡದೆ.

ಈರಣ್ಣನ ಜೊತೆ ಮಾತ್ರ ಅವರು ಕೊನೆವರೆಗೂ ಮಾತಾಡಲಿಲ್ಲ.

ವರ್ಷಗಳಾದ ಮೇಲೆ ಈರಣ್ಣನಿಗೆ ಗದಗಿಗೇ ವರ್ಗವಾಯಿತು. ಮನೆ ಮಾರಿದರು. ಲಾರಿಗೆ ಸಾಮಾನು ತುಂಬುವ ದಿನ ಕಸ್ತೂರಿ ಮುಂಬಾಗಿಲಿಂದಲೇ ಬಂದು ಕುಂಕುಮ ತೆಗೆದುಕೊಂಡಳು. ಇಬ್ಬರಿಗೂ ಎದುರು ಬದುರು ಕೂತು ಮಾತಾಡುವುದು ಮರೆತುಹೋದಂತಿತ್ತು. "ಬರ್ತೀನ್ರಿ ಅಕ್ಕಾರ" ಎಂದಳು. "ಹೋಗಿದ್ದು ಬಾ" ಎಂದಳು ಸರ್ವಮಂಗಳ, ಪೇಟೆಗೆ ಹೊರಟವಳಿಗೆ ಹೇಳುವ ಹಾಗೆ.

ಕೊಂಡವರು ಆ ಮನೆ ಕೆಡವಿ, ಗೋಡೆಗೆ ಅಂಟಿಕೊಂಡಂತೆ ಮೂರು ಅಂತಸ್ತು ಎಬ್ಬಿಸಿದರು. ನಮ್ಮ ಕಡೆಗೆ ಒಂದು ಕಿಟಕಿಯೂ ಇಲ್ಲ. ಬೀದಿಗೆ ಡಾಂಬರು ಬಂತು, ಎಲ್ಲರ ಮನೆಗೂ ಅಲ್ಯೂಮಿನಿಯಂ ಏಣಿ ಬಂತು. ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ನನ್ನ ಬುಡಕ್ಕೆ ಗೆದ್ದಲು ಹತ್ತಿತು, ಸರ್ವಮಂಗಳಳ ಮಂಡಿಗೆ ನೋವು ಹತ್ತಿತು. ಊಟವಾದ ಮೇಲೆ ಅವಳು ಹಿತ್ತಲಿಗೆ ಬಂದು, ನನ್ನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು ಒಳಗೆ ಹೋಗುತ್ತಿದ್ದಳು. ಗುಜರಿಯವನು ಬಂದಾಗಲೆಲ್ಲ "ಅದು ಇರಲಿ" ಎನ್ನುತ್ತಿದ್ದಳು.

ಫೋನು ಇತ್ತು. ಕಸ್ತೂರಿ ಹಬ್ಬಕ್ಕೆ ತಪ್ಪದೆ ಮಾಡುತ್ತಿದ್ದಳು. "ಮತ್ತೇನ್ರಿ ಅಕ್ಕಾರ?" "ಏನಿಲ್ಲಮ್ಮ. ನಿಮ್ಮಲ್ಲಿ?" "ಏನಿಲ್ರಿ." ಗೋಡೆಯ ಮೇಲೆ ಗಂಟೆಗಟ್ಟಲೆ ನಡೆದ ಮಾತು ಫೋನಿನಲ್ಲಿ ನಿಮಿಷಕ್ಕೆ ಮುಗಿಯುತ್ತಿತ್ತು. ದೂರದವರಿಗೆ ಹೇಳಲು ಸುದ್ದಿ ಬೇಕಾಗುತ್ತದೆ. ಇವರಿಬ್ಬರ ಹತ್ತಿರ ಸುದ್ದಿ ಅನ್ನುವಂಥದ್ದು ಎಂದೂ ಇರಲಿಲ್ಲ.

ಮೊನ್ನೆಯೂ ಹಾಗೇ ಆಯಿತು. ಸರ್ವಮಂಗಳ ಹಿತ್ತಲಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಫೋನು ಬಂತು. ಮತ್ತೇನು, ಏನಿಲ್ಲ, ಎಲ್ಲ ಆಯಿತು.

"ಇಡ್ಲೇನ್ರಿ ಹಂಗಾರ?" ಎಂದಳು ಕಸ್ತೂರಿ.

"ಇಡಬೇಡ ಕಣೆ," ಎಂದಳು ಸರ್ವಮಂಗಳ. "ನಿನ್ನ ಕೆಲಸ ನೀನು ಮಾಡ್ಕೋ. ಮಾತಾಡೋದೇನೂ ಬೇಡ. ಫೋನು ಮಾತ್ರ ಅಲ್ಲೇ ಇರಲಿ."

ಆ ಕಡೆಯಿಂದ "ಆತ್ರಿ" ಅಂದದ್ದು ಬಹಳ ಮೆಲ್ಲಗೆ ಕೇಳಿಸಿತು.

ಸರ್ವಮಂಗಳ ಸ್ಪೀಕರ್ ಒತ್ತಿ, ಫೋನನ್ನು ನನ್ನ ಒಂದು ಮೆಟ್ಟಿಲ ಮೇಲೆ ಇಟ್ಟಳು. ಇದ್ದ ಮೆಟ್ಟಿಲುಗಳಲ್ಲಿ ಗಟ್ಟಿಯಾದದ್ದು ಅದೊಂದೇ. ಎತ್ತರಕ್ಕಾದರೆ ನಾನು ಎಷ್ಟೋ ಜನರನ್ನು ಏರಿಸಿದವನು. ಊರಿಂದೂರಿನ ದೂರಕ್ಕೆ ನನ್ನಿಂದ ಏನಾದೀತು ಎಂದು ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಗದಗಿನ ಆ ಅಡುಗೆಮನೆಯಲ್ಲಿ ಕಸ್ತೂರಿ ರೊಟ್ಟಿ ಬಡಿಯತೊಡಗಿದಳು. ಪಟಪಟ, ಪಟಪಟ. ನನ್ನ ಬಿದಿರಿನ ಒಳಗೆಲ್ಲ ಆ ಸದ್ದು ಓಡಾಡಿತು. ಸರ್ವಮಂಗಳ ಅದನ್ನು ಕೇಳುತ್ತ, ಸೊಪ್ಪು ಬಿಡಿಸಿದಳು.